ಕಲ್ಲುಗಳ ನಡುವೆ ಒಂದು ಗಿಡವಿದೆ, ಹುಡುಕಿ!

ಎದುರಿಗೆ ಬೆಟ್ಟದ ಇಳಿಜಾರು. ಬರೀ ಕಲ್ಲು! ಬೂದುಗಲ್ಲು, ಕಂದುಗಲ್ಲು, ಚೂರಾದ ಕಲ್ಲು, ಕಾಲಿಟ್ಟರೆ ಜಾರುವ ಕಲ್ಲು. ಮರವಿಲ್ಲ, ಪೊದೆಯಿಲ್ಲ. ಸಮುದ್ರಮಟ್ಟದಿಂದ 4,000 ಮೀಟರಿಗೂ ಮೇಲೆ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು!

ಇಲ್ಲೇ ಒಂದು ಗಿಡವಿದೆ. ನಿಮ್ಮ ಪಾದದಿಂದ ಎರಡೇ ಮಾರು ದೂರ. ಕಂಡಿತೇ?

ಇಲ್ಲವೇ? ಇನ್ನೊಮ್ಮೆ ನೋಡಿ. ಅದಕ್ಕೆ ಎಲೆಗಳಿವೆ. ಕಾಂಡವಿದೆ. ತಲೆ ಬಾಗಿಸಿ ನಿಂತ ಒಂದು ಹೂವೂ ಇದೆ! ಆದರೂ ಕಾಣುವುದಿಲ್ಲ. ಏಕೆಂದರೆ ಎಲೆ ಹಸಿರಾಗಿಲ್ಲ. ಸುತ್ತಲಿನ ಕಲ್ಲು ಬೂದಾಗಿದ್ದರೆ ಎಲೆಯೂ ಬೂದು. ಕಲ್ಲು ಕಂದಾಗಿದ್ದರೆ ಎಲೆಯೂ ಕಂದು. ಹೂವು ಕೂಡ ಅದೇ ಬಣ್ಣ ಬಳಿದುಕೊಂಡು ಸದ್ದಿಲ್ಲದೆ ನಿಂತಿದೆ!

ಇಷ್ಟೊಂದು ಜತನದಿಂದ ಅಡಗಿದೆ ಎಂದರೆ ಅದಕ್ಕೊಬ್ಬ ಶತ್ರು ಇರಲೇಬೇಕಲ್ಲವೇ? ಯಾರದು? ಊಹಿಸುತ್ತಿರಿ. ಉತ್ತರ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಈಗಲೇ ಹೇಳಿಬಿಟ್ಟರೆ ನಿಮಗೆ ಆ ಸುಖ ಸಿಗುವುದಿಲ್ಲ!

ಮೊದಲು ಗಿಡದ ಪರಿಚಯವಾಗಲಿ. ಸಸ್ಯಶಾಸ್ತ್ರದ ಹೆಸರು ಫ್ರಿಟಿಲೇರಿಯಾ ಡೆಲವಾಯಿ. ಲಿಲ್ಲಿಯ ಕುಟುಂಬ. ತವರು ಚೀನಾದ ನೈರುತ್ಯದ ಹೆಂಗ್‌ದುವಾನ್ ಪರ್ವತಸಾಲು; ಯುನ್ನಾನ್, ಸಿಚುವಾನ್, ಟಿಬೆಟ್‌ಗಳು ಒಂದನ್ನೊಂದು ಮುಟ್ಟುವ ಜಾಗ. ಅಲ್ಲಿಂದ ಭೂತಾನ್ ದಾಟಿ ನಮ್ಮ ಸಿಕ್ಕಿಂವರೆಗೂ ಇದರ ಸಂಸಾರ ಹಬ್ಬಿದೆ.

ಹೆಸರಿನಲ್ಲಿರುವ ಡೆಲವೆ ಯಾರು ಗೊತ್ತೇ? ಫ್ರಾನ್ಸಿನಿಂದ ಯುನ್ನಾನಿಗೆ ಬಂದ ಪಾದ್ರಿ. ಹುಟ್ಟಿದ್ದು 1834ರಲ್ಲಿ, ತೀರಿಕೊಂಡದ್ದು ಅದೇ ಯುನ್ನಾನಿನಲ್ಲಿ, 1895ರಲ್ಲಿ. ಈ ನಡುವೆ ಬೆಟ್ಟ ಬೆಟ್ಟ ಅಲೆದು ಪ್ಯಾರಿಸಿಗೆ ಕಳಿಸಿದ ಒಣಗಿಸಿದ ಸಸ್ಯಗಳೆಷ್ಟು? ಸಾವಿರವೇ? ಹತ್ತು ಸಾವಿರವೇ? ಎರಡು ಲಕ್ಷಕ್ಕೂ ಹೆಚ್ಚು! ಒಬ್ಬನೇ ಮನುಷ್ಯ!

ಸರಿ, ಗಿಡಕ್ಕೆ ಬರೋಣ. ಇದರ ನಿಜವಾದ ಸಂಪತ್ತು ನೆಲದೊಳಗಿದೆ. ಕಲ್ಲುಗಳ ಅಡಿಯಲ್ಲಿ ಒಂದು ಪುಟ್ಟ ಗಡ್ಡೆ. ಬೆಳ್ಳುಳ್ಳಿಯ ಒಂದು ಎಸಳಿನಷ್ಟು, ಅಷ್ಟೇ! ಒಣಗಿಸಿದರೆ ಮಾಸಲು ಬಿಳುಪು, ಕೆಲವಕ್ಕೆ ಮೈಮೇಲೆ ಕಂದು ಮಚ್ಚೆಗಳು. ಚೀನೀ ವೈದ್ಯರು ಆ ಮಚ್ಚೆಯ ಗಡ್ಡೆಗಳಿಗೆ ಹುಲಿಯ ಚರ್ಮದ ಹೋಲಿಕೆ ಕೊಡುತ್ತಾರೆ.

ಇದೇ ಚುವಾನ್ ಬೇಮು! ಚೀನಾದ ಔಷಧದಂಗಡಿಯ ಮರದ ಖಾನೆಗಳಲ್ಲಿ ರಾಜಮರ್ಯಾದೆ ಪಡೆಯುವ ಮೂಲಿಕೆ. ಡೆಲವಾಯಿಯಲ್ಲದೆ ಇದರ ಕೆಲವು ಸೋದರ ಪ್ರಭೇದಗಳ ಗಡ್ಡೆಗಳನ್ನೂ ಇದೇ ಹೆಸರಿನಲ್ಲಿ ಬಳಸಲು ಅಲ್ಲಿನ ಅಧಿಕೃತ ಔಷಧಕೋಶ ಒಪ್ಪುತ್ತದೆ. ಆಕಾರ ನೋಡಿ ಜಾತಿ ಹೇಳುವ ವ್ಯಾಪಾರಿಗಳಿದ್ದಾರೆ. ಅತಿ ಚಿಕ್ಕ, ದುಂಡನೆಯ ಗಡ್ಡೆಗೆ ಸೋಂಗ್‌ಬೇ ಎಂದು ಹೆಸರು. ಅದರ ದೊಡ್ಡ ಪದರ ಚಿಕ್ಕ ಪದರವನ್ನು ತಬ್ಬಿ ಹಿಡಿದಿರುತ್ತದೆ. ಎದೆಯಲ್ಲಿ ಚಂದ್ರನನ್ನು ಅಪ್ಪಿಕೊಂಡ ಗಡ್ಡೆ ಎಂದು ಅವರ ವರ್ಣನೆ! ನಮ್ಮ ಡೆಲವಾಯಿಯದು ಲೂಬೇ. ಉದ್ದನೆಯ ಮೈ, ಹುಲಿಯ ಮಚ್ಚೆ ಇದರದೇ.

ಯಾವ ಕಾಯಿಲೆಗೆ? ಕೆಮ್ಮಿಗೆ! ಅದರಲ್ಲೂ ಗಂಟಲು ಕೆರೆಯುವ, ಕಫ ಅಂಟಿಕೊಂಡು ಬಾರದ, ರಾತ್ರಿಯೆಲ್ಲ ನಿದ್ದೆ ಕೆಡಿಸುವ ಒಣಕೆಮ್ಮಿಗೆ. ಚೀನೀ ವೈದ್ಯದ ಮಾತಿನಲ್ಲಿ ಇದು ಕಹಿ ಮತ್ತು ಸಿಹಿ, ತುಸು ತಂಪು. ಒಣಗಿದ ಶ್ವಾಸಕೋಶಕ್ಕೆ ತೇವ ಕೊಡುತ್ತದೆ, ಕಫವನ್ನು ಕರಗಿಸುತ್ತದೆ.

ಮನೆಮದ್ದು ಇನ್ನೂ ಸೊಗಸು. ಒಂದು ಪೇರ್ ಹಣ್ಣು ತೆಗೆದುಕೊಳ್ಳುತ್ತಾರೆ. ತಲೆ ಕತ್ತರಿಸಿ ಒಳಗಿನ ಬೀಜ ಕೆರೆದು ತೆಗೆಯುತ್ತಾರೆ. ಆ ಗುಳಿಗೆ ಬೇಮುವಿನ ಪುಡಿ, ಕಲ್ಲುಸಕ್ಕರೆ. ಮತ್ತೆ ಮುಚ್ಚಳ ಮುಚ್ಚಿ ಹಬೆಯಲ್ಲಿ ಬೇಯಿಸುತ್ತಾರೆ. ಹಣ್ಣು ಮೆತ್ತಗಾಗಿ ರಸ ಬಿಟ್ಟಾಗ ಚಮಚದಲ್ಲಿ ತಿನ್ನುವುದು. ಔಷಧವೋ ಸಿಹಿತಿಂಡಿಯೋ!

ಸಿಂಗಪುರದಲ್ಲೋ ಹಾಂಗ್‌ಕಾಂಗ್‌ನಲ್ಲೋ ಇರುವ ಕನ್ನಡಿಗರು ಇದನ್ನು ಬಾಟಲಿಯಲ್ಲಿ ಕಂಡಿರುತ್ತಾರೆ. ಜೇನಿನಷ್ಟು ದಪ್ಪ, ಕಪ್ಪು, ಪುದೀನದ ಘಮಲಿನ ಪೆಯ್ ಪಾ ಕೋವಾ ಸಿರಪ್ಪು! ಅದರ ಮುಖ್ಯ ಮೂಲಿಕೆಗಳಲ್ಲಿ ಒಂದು ಇದೇ ಚುವಾನ್ ಬೇಮು.

ಎಷ್ಟು ಹಳೆಯ ಮದ್ದು ಇದು? ಇನ್ನೂರು ವರ್ಷ? ಐನೂರು? ಎರಡು ಸಾವಿರ ವರ್ಷಗಳಿಗೂ ಹೆಚ್ಚು! ಚೀನಾದ ಆದಿ ಮೂಲಿಕಾಗ್ರಂಥವೆಂದು ಹೆಸರಾದ ಶೆನ್ನೊಂಗ್ ಬೆಂಚಾವೊ ಜಿಂಗ್‌ನಲ್ಲಿ ಬೇಮು ಇದೆ. 1596ರಲ್ಲಿ ಅಚ್ಚಾದ, ಲೀ ಶಿಜೆನ್ ಎಂಬ ವೈದ್ಯನ ಮೂಲಿಕೆಗಳ ಮಹಾಕೋಶದಲ್ಲೂ ಇದೆ.

ಜೊತೆಗೆ ಒಂದು ಕಟ್ಟುನಿಟ್ಟಿನ ಎಚ್ಚರಿಕೆಯೂ ಇದೆ. ಬೇಮುವನ್ನು ಅಕೋನೈಟ್ ಜೊತೆ, ಅಂದರೆ ನಮ್ಮ ವತ್ಸನಾಭಿಯ ಬಳಗದ ಜೊತೆ, ಎಂದೂ ಬೆರೆಸಕೂಡದು! ಚೀನೀ ವೈದ್ಯದಲ್ಲಿ ಪರಸ್ಪರ ಕೂಡದ ಮದ್ದುಗಳ 'ಹದಿನೆಂಟು ವಿರೋಧ'ಗಳೆಂಬ ಪಟ್ಟಿಯಿದೆ. ವಿದ್ಯಾರ್ಥಿಗಳು ಅದನ್ನು ಹಾಡಿನಂತೆ ಬಾಯಿಪಾಠ ಮಾಡುತ್ತಾರೆ. ಅದರಲ್ಲಿ ಬೇಮುವಿಗೂ ಜಾಗ!

ನಮಗೂ ಇದು ಪೂರ್ತಿ ಪರಕೀಯವಲ್ಲ. ಚ್ಯವನಪ್ರಾಶದ ಹಳೆಯ ಪಾಠಗಳಲ್ಲಿ ಅಷ್ಟವರ್ಗವೆಂಬ ಎಂಟು ಮೂಲಿಕೆಗಳು ಬರುತ್ತವಲ್ಲ, ಅವುಗಳಲ್ಲಿ ಒಂದನ್ನು ಹಿಮಾಲಯದ ಫ್ರಿಟಿಲೇರಿಯಾ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ನಮ್ಮ ಡೆಲವಾಯಿಯ ದಾಯಾದಿ!

ಈಗ ಲೆಕ್ಕ. ಒಂದು ಕಿಲೋ ಒಣ ಗಡ್ಡೆ ಬೇಕೆಂದರೆ ಎಷ್ಟು ಗಿಡ ಕೀಳಬೇಕು? ಒಂದು ಸಂಖ್ಯೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನೂರೇ? ಐನೂರೇ?

3,500ಕ್ಕೂ ಹೆಚ್ಚು!

ಒಂದೊಂದೂ ಬೆಟ್ಟ ಹತ್ತಿ, ಮಂಡಿಯೂರಿ, ಕಲ್ಲು ಸರಿಸಿ ಅಗೆದದ್ದು. ಬೆಲೆ? 2020ರ ಹೊತ್ತಿಗೆ ಕಿಲೋಗೆ ಸುಮಾರು 480 ಡಾಲರ್. ಆಗಿನ ಲೆಕ್ಕದಲ್ಲಿ 35 ಸಾವಿರ ರೂಪಾಯಿಯ ಆಸುಪಾಸು. ಅಬ್ಬಾ, ಎಷ್ಟು ದುಬಾರಿ ಎನಿಸಿತೇ? ಭಾಗಿಸಿ ನೋಡಿ. ಒಂದು ಗಿಡಕ್ಕೆ ಹತ್ತು ರೂಪಾಯಿ! ಒಂದು ಜೀವಕ್ಕೆ ಹತ್ತೇ ರೂಪಾಯಿ!

ಇನ್ನೊಂದು ಲೆಕ್ಕ ಇದಕ್ಕಿಂತ ದೊಡ್ಡದು. ಈ ಗಿಡಕ್ಕೆ ಅವಸರವೇ ಇಲ್ಲ. ಅಲ್ಲಿನ ಬೇಸಿಗೆ ಬಲು ಚಿಕ್ಕದು, ಅಷ್ಟರಲ್ಲೇ ಬದುಕಬೇಕು. ಬೀಜ ಮೊಳೆತ ಮೇಲೆ ವರ್ಷಗಟ್ಟಲೆ ಎಲೆ ಮಾತ್ರ. ಹೂವು? ಐದನೇ ವರ್ಷ ಕಳೆದ ಮೇಲೆ! ಅದೂ ವರ್ಷಕ್ಕೆ ಎಷ್ಟು? ಒಂದು. ಒಂದೇ ಒಂದು ಹೂವು!

ಈಗ ಗುಣಿಸಿ. 3,500 ಗಿಡ, ಒಂದೊಂದಕ್ಕೂ ಐದು ವರ್ಷ. ಆ ಒಂದು ಕಿಲೋ ಚೀಲದಲ್ಲಿ 17,500 ವರ್ಷಗಳ ಬೆಳವಣಿಗೆ ತುಂಬಿದೆ! ಈ ಸಂಖ್ಯೆ ಬರೆದ ಮೇಲೆ ನಾನು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ.

ಸರಿ, ಶತ್ರುವಿನ ಪ್ರಶ್ನೆಗೆ ಬರೋಣ. ಯಾರೆಂದು ಊಹಿಸಿದಿರಿ?

ಯಾಕ್ ಎಂದಿರಾ? ಅಲ್ಲಿ ಯಾಕ್‌ಗಳಿವೆ, ನಿಜ. ಬಿಲ ತೋಡುವ ಇಲಿಗಳೋ? ಹುಳುಗಳೋ? ಚಿಟ್ಟೆಯೋ?

ಚಿಟ್ಟೆ ಎಂದವರಿಗೆ ಶಹಭಾಸ್! ಇದೇ ಪರ್ವತಗಳಲ್ಲಿ ಕೊರಿಡಾಲಿಸ್ ಎಂಬ ಇನ್ನೊಂದು ಗಿಡವಿದೆ. ಅದರಲ್ಲೂ ಹಸಿರೆಲೆಯದು ಒಂದು ಬಗೆ, ಬೂದೆಲೆಯದು ಇನ್ನೊಂದು ಬಗೆ. ಅದರ ಶತ್ರು ಅಪೊಲೊ ಚಿಟ್ಟೆಯ ಬಳಗದ ಒಂದು ಚಿಟ್ಟೆ. ತನ್ನ ಮರಿಹುಳುಗಳಿಗೆ ಮೇವು ಹುಡುಕುತ್ತಾ ಬರುತ್ತದೆ, ಹಸಿರು ಕಂಡಲ್ಲಿ ಇಳಿಯುತ್ತದೆ. ಬೂದುಬಣ್ಣದ್ದು ಕಣ್ತಪ್ಪಿಸಿ ಉಳಿಯುತ್ತದೆ! ಕುನ್ಮಿಂಗ್ ಸಸ್ಯಶಾಸ್ತ್ರ ಸಂಸ್ಥೆಯ ಯಾಂಗ್ ನಿಯು ಮತ್ತು ಸಂಗಡಿಗರು ಬಿಡಿಸಿದ ಒಗಟು ಇದು.

ಹಾಗಾಗಿ ಬೇಮುವಿನ ಕಥೆಯೂ ಹೀಗೇ ಇರಬೇಕೆಂದು ಅವರು ಅಂದುಕೊಂಡರು. ಯಾವುದೋ ಪ್ರಾಣಿ ಮೇಯುತ್ತಿರಬೇಕು. ಹುಡುಕಿದರು. ಕಚ್ಚಿದ ಗುರುತಿಲ್ಲ! ಕಡಿದ ಎಲೆಯಿಲ್ಲ! ಮೇಯುವ ಪ್ರಾಣಿಯೇ ಸಿಗಲಿಲ್ಲ!

ಸಿಗುವುದಾದರೂ ಹೇಗೆ? ಈ ಗಿಡದ ತುಂಬ ಆಲ್ಕಲಾಯ್ಡ್‌ಗಳಿವೆ. ಕಹಿ, ವಿಷ. ಪ್ರಾಣಿಗಳು ದೂರ ಸರಿಯುತ್ತವೆ. ಇಲ್ಲೊಂದು ವಿಚಿತ್ರ ನೋಡಿ! ಪ್ರಾಣಿಗಳನ್ನು ಓಡಿಸಲು ಗಿಡ ತಯಾರಿಸಿಕೊಂಡ ಇದೇ ಆಲ್ಕಲಾಯ್ಡ್‌ಗಳೇ ಶ್ವಾಸನಾಳದ ಸ್ನಾಯುಗಳನ್ನು ಸಡಿಲಿಸಬಲ್ಲವೆಂದು ಪ್ರಯೋಗಾಲಯದ ಅಧ್ಯಯನಗಳು ಹೇಳುತ್ತವೆ. ಎಲ್ಲರನ್ನೂ ದೂರವಿಟ್ಟ ಕಹಿಯೇ ಒಬ್ಬನನ್ನು ಮಾತ್ರ ಹತ್ತಿರ ಕರೆಯಿತು!

ಆ ಒಬ್ಬ ಯಾರು? ಎರಡು ಕಾಲು. ಎರಡು ಕೈ. ಕೈಯಲ್ಲೊಂದು ಪುಟ್ಟ ಗುದ್ದಲಿ. ಬಣ್ಣಗಳನ್ನು ಬಿಡಿಸಿ ನೋಡಬಲ್ಲ ಅಪ್ರತಿಮ ಕಣ್ಣು.

ಮನುಷ್ಯ!

ಹೌದು, ನಾವೇ! ಈ ಗಿಡ ಅಡಗಿರುವುದು ನಮ್ಮಿಂದ! ನಮ್ಮ ಕಣ್ಣಿಗೆ ಬೀಳಬಾರದೆಂದು ಒಂದು ಗಿಡದ ಕುಲವೇ ತನ್ನ ಹಸಿರನ್ನು ಬಿಟ್ಟುಕೊಟ್ಟಿದೆ!

ಹೇಗೆ ಸಾಧ್ಯ? ಗಿಡಕ್ಕೆ ಬುದ್ಧಿಯಿದೆಯೇ, ಭಯವಿದೆಯೇ? ಏನೂ ಬೇಕಿಲ್ಲ. ಇಷ್ಟೇ ಆದದ್ದು. ಒಂದೇ ಇಳಿಜಾರಿನಲ್ಲಿ ಕೆಲವು ಗಿಡ ಹೆಚ್ಚು ಹಸಿರು, ಕೆಲವು ತುಸು ಮಂಕು. ಬೇಮು ಕೀಳುವವರು ಬಂದರು. ಹಸಿರು ಕಂಡಿತು, ಅಗೆದರು. ಗಡ್ಡೆ ಹೋದರೆ ಗಿಡವೇ ಹೋಯಿತು. ಅದರ ಬೀಜವೂ ಹೋಯಿತು. ಮಂಕು ಗಿಡ ಕಾಣಲಿಲ್ಲ. ಐದು ವರ್ಷ ದಾಟಿತು, ಹೂ ಬಿಟ್ಟಿತು, ಬೀಜ ಉದುರಿಸಿತು. ಆ ಬೀಜಗಳಿಂದ ಬಂದವುಗಳಲ್ಲಿ ಮತ್ತೆ ಹೆಚ್ಚು ಕಂಡವು ಚೀಲ ಸೇರಿದವು. ಪೀಳಿಗೆಯ ಮೇಲೆ ಪೀಳಿಗೆ! ಡಾರ್ವಿನ್ ಹೇಳಿದ ಆಯ್ಕೆ ಇದೇ. ಆಯ್ದದ್ದು ಮಾತ್ರ ನಮ್ಮ ಕಣ್ಣು.

ಕೇಳಲು ಚೆಂದದ ಕಥೆ. ಆದರೆ ನಂಬುವುದು ಹೇಗೆ? ಇಲ್ಲೇ ಆ ವಿಜ್ಞಾನಿಗಳ ಜಾಣ್ಮೆಗೆ ನಾನು ಮಾರುಹೋದದ್ದು!

ಹಿಂದಿನ ಕಾಲದ ಗಿಡ ಯಾವ ಬಣ್ಣದ್ದಾಗಿತ್ತೆಂದು ತಿಳಿಯಲು ಡೆಲವೆಯ ಕಾಲದ ಒಣ ಮಾದರಿಗಳನ್ನು ನೆಚ್ಚುವಂತಿಲ್ಲ. ಕಾಗದಕ್ಕೆ ಅಂಟಿಸಿದ ಎಲೆ ಒಣಗಿ ಬಣ್ಣ ಕಳೆದುಕೊಳ್ಳುತ್ತದೆ. ಆದ್ದರಿಂದ ಕಾಲದಲ್ಲಿ ಹಿಂದೆ ಹೋಗುವ ಬದಲು ಅವರು ಬೆಟ್ಟದಿಂದ ಬೆಟ್ಟಕ್ಕೆ ಹೋದರು! ಕುನ್ಮಿಂಗಿನ ಯಾಂಗ್ ನಿಯು, ಹಾಂಗ್ ಸುನ್. ಜೊತೆಗೆ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಸ್ಟೀವನ್ಸ್. ಪ್ರಾಣಿಗಳು ಬಣ್ಣದಿಂದ ಮೈ ಅಡಗಿಸಿಕೊಳ್ಳುವುದನ್ನೇ ಜೀವಮಾನದ ಅಧ್ಯಯನ ಮಾಡಿಕೊಂಡವರು.

ಒಂದೊಂದು ಜಾಗದಲ್ಲೂ ಎಲೆಯ ಬಣ್ಣ ಅಳೆದರು. ಪಕ್ಕದ ಕಲ್ಲಿನ ಬಣ್ಣ ಅಳೆದರು. ಮನುಷ್ಯನ ಕಣ್ಣಿಗೆ ಇವೆರಡರ ನಡುವೆ ಎಷ್ಟು ವ್ಯತ್ಯಾಸ ಕಂಡೀತೆಂದು ಲೆಕ್ಕ ಹಾಕಿದರು. ಆಮೇಲೆ? ಊರಿನವರ ಬಳಿ ಹೋದರು! ಯಾವ ಬೆಟ್ಟದಿಂದ ಎಷ್ಟು ಗಡ್ಡೆ ಇಳಿಯುತ್ತದೆ ಎಂಬುದು ಅಲ್ಲಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎರಡು ಲೆಕ್ಕವನ್ನೂ ಪಕ್ಕಪಕ್ಕ ಇಟ್ಟಾಗ ಏನಾಯಿತು? ಹೆಚ್ಚು ಕಿತ್ತ ಬೆಟ್ಟದಲ್ಲಿ ಗಿಡ ಕಲ್ಲಿನ ಬಣ್ಣ! ಕಡಿಮೆ ಕಿತ್ತ ಬೆಟ್ಟದಲ್ಲಿ ಗಿಡ ಹಸಿರು!

ಇಷ್ಟಕ್ಕೇ ಮುಗಿಯಲಿಲ್ಲ. ನನ್ನ ಮಟ್ಟಿಗೆ ಇಡೀ ಅಧ್ಯಯನದ ಮುಕುಟಮಣಿ ಮುಂದಿನದು. ಅವರು ಇನ್ನೊಂದು ಸಂಗತಿಯನ್ನೂ ಗಮನಿಸಿದರು: ಗಡ್ಡೆ ಅಗೆಯುವುದು ಎಷ್ಟು ಕಷ್ಟ?

ಕೆಲವು ಇಳಿಜಾರುಗಳಲ್ಲಿ ಗಡ್ಡೆಯ ಮೇಲೆ ಕಲ್ಲಿನ ರಾಶಿಯೇ ಪೇರಿದೆ. ಅಲ್ಲಿ ಗಿಡ ಎದ್ದು ಕಾಣುತ್ತಿದ್ದರೂ ಅಗೆಯುವವರಿಗೆ ಬೇಡ. ಒಂದು ಗಡ್ಡೆಗೆ ಅಷ್ಟು ಹೊತ್ತು ಯಾರು ಕೂರುತ್ತಾರೆ? ಹಾಗಾದರೆ ಅಲ್ಲಿನ ಗಿಡಗಳ ಬಣ್ಣ ಯಾವುದಿರಬಹುದು? ಓದುವ ಮೊದಲು ಹೇಳಿ!

ಹಸಿರು! ಎದ್ದು ಕಾಣುವ, ಅಂಜಿಕೆಯಿಲ್ಲದ ಹಸಿರು! ಕಲ್ಲಿನ ಕೋಟೆಯೊಳಗಿದ್ದವಕ್ಕೆ ವೇಷ ಬೇಕಾಗಲೇ ಇಲ್ಲ. ಸುಲಭಕ್ಕೆ ಸಿಗುವವು ಮಾತ್ರ ಬಣ್ಣ ಬದಲಿಸಿವೆ. ಕಾರಣ ಮನುಷ್ಯನ ಗುದ್ದಲಿಯೇ ಎನ್ನಲು ಇದಕ್ಕಿಂತ ಬಲವಾದ ಸುಳಿವು ಬೇಕೇ?

ಕೊನೆಯದಾಗಿ ಒಂದು ಆಟ. ಗಿಡಗಳ ಫೋಟೋಗಳನ್ನು ಅಂತರ್ಜಾಲಕ್ಕೆ ಹಾಕಿ, ಹುಡುಕಿ ನೋಡೋಣ ಎಂದು ಜನರನ್ನೇ ಕರೆದರು. 500ಕ್ಕೂ ಹೆಚ್ಚು ಮಂದಿ ಆಡಿದರು. ಹೆಚ್ಚು ಕಿತ್ತ ಬೆಟ್ಟಗಳ ಗಿಡ ಹುಡುಕಲು ಅವರಿಗೆ ಹೆಚ್ಚು ಹೊತ್ತು ಬೇಕಾಯಿತು! ಬೆಟ್ಟದ ಮೇಲೆ ಅಗೆಯುವವರ ಕಣ್ಣು ತಪ್ಪಿಸಿದ ವೇಷ, ಕುರ್ಚಿಯಲ್ಲಿ ಕೂತವರ ಕಣ್ಣನ್ನೂ ತಪ್ಪಿಸಿತು. 2020ರ ನವೆಂಬರಿನಲ್ಲಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ಈ ಸಂಶೋಧನೆ ಹೊರಬಂತು.

ಮನುಷ್ಯ ಹೀಗೆ ಗಿಡಗಳನ್ನು ತಿದ್ದಿರುವುದು ಇದೊಂದೇ ಕಡೆಯಲ್ಲ. ಹಿಮಾಲಯದ ಮಗ್ಗುಲಲ್ಲಿ ಹಿಮಕಮಲವೆಂಬ ಹೂವಿದೆ, ಸಾಸೂರಿಯಾ ಲೇನಿಸೆಪ್ಸ್. ಟಿಬೆಟಿನ, ಚೀನಾದ ವೈದ್ಯರಿಗೆ ಬಲು ಬೇಕಾದದ್ದು. ಕೀಳುವವರು ಆರಿಸುವುದು ಎತ್ತರದ, ದೊಡ್ಡ ಗಿಡಗಳನ್ನೇ. ಇಲ್ಲಿ ಒಣ ಮಾದರಿಗಳು ಕೈಕೊಡಲಿಲ್ಲ! ಬಣ್ಣ ಹೋದರೂ ಎತ್ತರ ಹೋಗುವುದಿಲ್ಲವಲ್ಲ. ವೇನ್ ಲಾ ಮತ್ತು ಜ್ಯಾನ್ ಸ್ಯಾಲಿಕ್ ಎಂಬ ಇಬ್ಬರು ಸಂಶೋಧಕರು ಹಳೆಯ ಸಂಗ್ರಹಗಳ ಮಾದರಿಗಳನ್ನು ಅಳೆದು 2005ರಲ್ಲಿ ವರದಿ ಮಾಡಿದರು. ಒಂದೇ ಶತಮಾನದಲ್ಲಿ ಹಿಮಕಮಲ ಗಿಡ್ಡವಾಗಿದೆ! ಪಕ್ಕದಲ್ಲೇ ಬೆಳೆಯುವ, ಜನ ಅಷ್ಟಾಗಿ ಕೀಳದ ಅದರ ಸೋದರ ಪ್ರಭೇದ? ಇದ್ದಷ್ಟೇ ಎತ್ತರ!

ಭತ್ತದ ಗದ್ದೆಯಲ್ಲಿ ಬಗ್ಗಿ ಕಳೆ ಕಿತ್ತವರಿಗೆ ಇದರ ಇನ್ನೊಂದು ರೂಪ ಗೊತ್ತು. ಭತ್ತದ ಪೈರಿನಂತೆಯೇ ನೆಟ್ಟಗೆ ನಿಂತು, ತೆನೆ ಬರುವವರೆಗೆ ಮೋಸ ಮಾಡುವ ಕಳೆಯಿದೆಯಲ್ಲ! ಚೀನಾದ ಯಾಂಗ್ಟ್ಸೆ ಕಣಿವೆಯಲ್ಲಿ ಆ ಹುಲ್ಲು ಭತ್ತದ ವೇಷ ಕಲಿತದ್ದು ಸುಮಾರು ಸಾವಿರ ವರ್ಷಗಳ ಹಿಂದೆ ಎಂದು ಅದರ ವಂಶವಾಹಿಗಳನ್ನು ಓದಿದವರು ಹೇಳುತ್ತಾರೆ. ಕಲಿಸಿದ್ದು ಯಾರು? ಕಳೆ ಕೀಳುವ ಕೈಗಳೇ!

ಆದರೆ ಕಳೆಗೂ ಬೇಮುವಿಗೂ ಒಂದು ವ್ಯತ್ಯಾಸವಿದೆ. ನಾವು ಬೇಡವೆಂದು ಕಿತ್ತದ್ದು ಕಳೆ. ಬೇಕೆಂದು ಕಿತ್ತದ್ದು ಬೇಮು. ಎರಡೂ ನಮ್ಮಿಂದಲೇ ಅಡಗಿಕೊಂಡವು!

ಬೇಮುವಿನ ವೇಷಕ್ಕೆ ಬೆಲೆ ತೆರಬೇಕೇ ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ವರ್ಷಕ್ಕೆ ಒಂದೇ ಹೂವು. ಅದೂ ಕಲ್ಲಿನ ಬಣ್ಣ. ಮನುಷ್ಯನಿಗೆ ಕಾಣದ ಹೂವು ಪರಾಗ ಹೊತ್ತೊಯ್ಯುವ ಕೀಟಕ್ಕೆ ಕಂಡೀತೇ? ಕಾಣದೆ ಹೋದರೆ ಬೀಜವೆಲ್ಲಿಂದ? ಗುದ್ದಲಿಯಿಂದ ತಪ್ಪಿಸಿಕೊಳ್ಳಲು ಹೋಗಿ ಕೀಟದ ಸ್ನೇಹ ಕಳೆದುಕೊಂಡರೆ!

ಆ ಬೆಟ್ಟಗಳಲ್ಲಿ ಗಡ್ಡೆ ಅಗೆಯುವವರ ಮೇಲೆ ನನಗೆ ಸಿಟ್ಟಿಲ್ಲ. ಗಾಳಿ ತೆಳುವಾದ ಆ ಎತ್ತರದಲ್ಲಿ ದಿನವಿಡೀ ಬಗ್ಗಿ ದುಡಿಯುವವರ ಕೈಗೆ ಸೇರುವುದು ಅಂಗಡಿ ಬೆಲೆಯಲ್ಲ. ಒತ್ತಡ ಬರುತ್ತಿರುವುದು ಕೆಳಗಿನ ನಗರಗಳಿಂದ. ಈ ಮದ್ದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಮನುಷ್ಯರ ಮೇಲೆ ಸರಿಯಾಗಿ ನಡೆಸಿದ ದೊಡ್ಡ ಪರೀಕ್ಷೆಗಳು ಇನ್ನೂ ಕಡಿಮೆ. ಆದರೂ ಕಾಡಿನ ಬೇಮುವೇ ಶ್ರೇಷ್ಠ ಎಂಬ ನಂಬಿಕೆ ಬೆಲೆಯನ್ನು ಏರಿಸುತ್ತಲೇ ಇದೆ. ಚುವಾನ್ ಬೇಮುವಿನ ಕೆಲವು ಸೋದರ ಪ್ರಭೇದಗಳನ್ನು ಹೊಲದಲ್ಲಿ ಬೆಳೆಯುವುದು ಸಾಧ್ಯವಾಗಿದೆ. ಝೆಜಿಯಾಂಗ್ ಪ್ರಾಂತದ ಬೇರೊಂದು ಬೇಮುವಂತೂ ಬಹುಕಾಲದಿಂದ ಹೊಲದ ಬೆಳೆಯೇ. ಕೊಳ್ಳುವವರು ಹೊಲದ ಗಡ್ಡೆಗೆ ಮನಸ್ಸು ಮಾಡಿದರೆ ಬೆಟ್ಟದ ಮೇಲಿನ ಗುದ್ದಲಿಗಳು ತಾವಾಗಿ ಕಡಿಮೆಯಾಗುತ್ತವೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

2021ರಲ್ಲಿ ಒಂದು ದೊಡ್ಡ ಬದಲಾವಣೆಯೂ ಆಯಿತು. ಚೀನಾ ತನ್ನ ರಕ್ಷಿತ ಕಾಡುಸಸ್ಯಗಳ ಪಟ್ಟಿಯನ್ನು ಪರಿಷ್ಕರಿಸಿತು. ಫ್ರಿಟಿಲೇರಿಯಾದ ಎಷ್ಟು ಪ್ರಭೇದಗಳನ್ನು ಸೇರಿಸಿರಬಹುದು? ಒಂದು? ಎರಡು? ಇಡೀ ಕುಲವನ್ನೇ! ದೇಶದೊಳಗಿನ ಎಲ್ಲ ಕಾಡು ಫ್ರಿಟಿಲೇರಿಯಾಗಳೂ ಎರಡನೇ ದರ್ಜೆಯ ರಕ್ಷಣೆಗೆ ಬಂದವು.

ಈಗ ನಿಮಗೆ ಕೊನೆಯ ಸವಾಲು. ಅಗೆಯುವುದು ನಿಜವಾಗಿ ನಿಂತರೆ ಬೇಮು ಮತ್ತೆ ಹಸಿರಾಗುತ್ತದೆಯೇ? ಎಷ್ಟು ಬೇಗ? ಊಹಿಸುವ ಮುನ್ನ ಆ ಐದು ವರ್ಷಗಳನ್ನು ಮರೆಯಬೇಡಿ. ಪಟ್ಟಿ ಬಂದ ವರ್ಷ ಮೊಳೆತ ಬೀಜ ಮೊದಲ ಹೂ ಬಿಡುವುದು ಬೇಗವೆಂದರೆ 2026ರಲ್ಲಿ. ಅಂದರೆ ಒಂದೇ ಒಂದು ಪೀಳಿಗೆ! ಎಲೆಯ ಬಣ್ಣ, ಕಲ್ಲಿನ ಬಣ್ಣ, ಅಗೆದ ಗಡ್ಡೆಗಳ ಲೆಕ್ಕ ಎಲ್ಲವೂ 2020ರ ಆ ವರದಿಯಲ್ಲಿದೆ. ಅದೇ ಬೆಟ್ಟಗಳನ್ನು ಮತ್ತೆ ಹತ್ತಿ ಮತ್ತೆ ಅಳೆಯಬಹುದು. ನನ್ನ ಪಣ ಹಸಿರಿನ ಕಡೆಗೆ. ನಿಮ್ಮದು?